ಜಮಾದಾರನ ಒಂದು ರೂಪಾಯಿ

ದಿನಕ್ಕೆ 9 ರೂಪಾಯಿ 25 ಪೈಸೆ. 1982ರ ದೆಹಲಿಯಲ್ಲಿ ಕಟ್ಟಡದ ಕೂಲಿಯಾಳಿಗೆ ಸರ್ಕಾರ ಗೊತ್ತುಮಾಡಿದ್ದ ಕನಿಷ್ಠ ವೇತನ ಅದು. ಆ ವರ್ಷದ ನವೆಂಬರಿಗೆ ಏಷ್ಯನ್ ಕ್ರೀಡಾಕೂಟ, ಅಂದರೆ ಏಷ್ಯಾಡ್, ನಡೆಯಬೇಕಿತ್ತು. ಜವಾಹರಲಾಲ್ ನೆಹರೂ ಕ್ರೀಡಾಂಗಣ, ತಾಲ್ಕಟೋರಾದ ಈಜುಕೊಳ, ಇಂದ್ರಪ್ರಸ್ಥ ಒಳಾಂಗಣ, ಸಿರಿ ಫೋರ್ಟಿನ ಹತ್ತಿರ ಕ್ರೀಡಾಗ್ರಾಮ, ಊರ ತುಂಬ ಮೇಲ್ಸೇತುವೆಗಳು, ಎಲ್ಲಕ್ಕೂ ಒಟ್ಟಿಗೇ ಕೈಹಾಕಲಾಗಿತ್ತು. ಕೂಟದ ಲಾಂಛನವಾಗಿದ್ದ ಅಪ್ಪು ಎಂಬ ಆನೆಮರಿ, ಮನೆಗೆ ಬಂದ ಬಣ್ಣದ ಟಿ.ವಿ. ನಮ್ಮ ತಲೆಮಾರಿನವರಿಗೆ ಚೆನ್ನಾಗಿ ನೆನಪಿವೆ. ಆ ಕಲ್ಲು, ಆ ಗಾರೆ ಹೊತ್ತವರ ನೆನಪು ಅಷ್ಟಾಗಿ ಉಳಿದಿಲ್ಲ. ರಾಜಸ್ಥಾನ, ಉತ್ತರಪ್ರದೇಶ, ಒಡಿಶಾಗಳಿಂದ ಅವರನ್ನು ಜಮಾದಾರರು ಕರೆತಂದಿದ್ದರು. ಗುತ್ತಿಗೆದಾರ ಕೂಲಿಯನ್ನು ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು ಮಿಕ್ಕಿದ್ದನ್ನು ಹಂಚುತ್ತಿದ್ದ. ಹೆಂಗಸರ ಪಾಲಿಗೆ ಬರುತ್ತಿದ್ದದ್ದು 7 ರೂಪಾಯಿ.

ಇದೆಲ್ಲ ಇವತ್ತಿಗೂ ದಾಖಲೆಯಾಗಿ ಉಳಿದಿರುವುದು ಒಂದು ಕಾಗದದಿಂದ. ‘ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್’ ಎಂಬ ಸಂಘಟನೆ ಮೂವರು ಸಮಾಜವಿಜ್ಞಾನಿಗಳನ್ನು ಕೆಲಸದ ಜಾಗಗಳಿಗೆ ಕಳಿಸಿ ವರದಿ ತರಿಸಿತು, ಅದನ್ನು ಆಧರಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ಆ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಎತ್ತಿಕೊಂಡಿತು. 1982ರ ಸೆಪ್ಟೆಂಬರ್ 18ರಂದು ಬಂದ ತೀರ್ಪನ್ನು ನಾನು ಹಲವು ಸಲ ಓದಿದ್ದೇನೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಆದರೆ ಬಲವಂತ ಎಂದರೆ ಯಾವುದು? ದೊಣ್ಣೆ ಹಿಡಿದು ಯಾರೋ ಹಿಂದೆ ನಿಂತಿರಲೇಬೇಕೆಂದಿಲ್ಲ, ಹಸಿವೂ ಬಲವಂತವೇ ಎಂದಿತು ನ್ಯಾಯಾಲಯ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಬ್ಬ ಮನುಷ್ಯ ದುಡಿಯಲು ಒಪ್ಪಿದನೆಂದರೆ ಅವನನ್ನು ಬೇರೆ ಯಾವ ದಾರಿಯೂ ಇಲ್ಲದ ಸ್ಥಿತಿ ಅಲ್ಲಿಗೆ ನೂಕಿದೆ, ಆದ್ದರಿಂದ ಅದು ಬಲವಂತದ ದುಡಿಮೆ ಎಂದು ಹೇಳಿತು.

ಬಡತನಕ್ಕೆ ಕಾರಣವೇನು ಎಂಬ ಮಾತು ಬಂದಾಗಲೆಲ್ಲ ನನಗೆ ಆ ಒಂದು ರೂಪಾಯಿ ನೆನಪಾಗುತ್ತದೆ. ಸೋಮಾರಿತನ, ಕುಡಿತ, ಮನೆ ತುಂಬ ಮಕ್ಕಳು ಎಂದು ನಮ್ಮವರು ಬೆರಳು ಮಡಿಚಿ ಎಣಿಸುವುದನ್ನು ಮದುವೆಮನೆಗಳಲ್ಲಿ, ರೈಲಿನಲ್ಲಿ ಎಷ್ಟು ಸಲ ಕೇಳಿಲ್ಲ! ದೆಹಲಿಯ ಪೂರ್ವದ ಅಂಚಿನಲ್ಲಿ, ಉತ್ತರಪ್ರದೇಶದ ಗಡಿ ಕಣ್ಣಳತೆಯಲ್ಲೇ ಇರುವ ಬಡಾವಣೆಯಲ್ಲಿ, ಇಷ್ಟು ವರ್ಷ ಬದುಕಿದ ಮೇಲೆ ನನಗೆ ಕಂಡಿರುವುದು ಬೇರೆ. ಬಡವರ ಮನೆಯಲ್ಲಿ ದುಡಿಮೆಗೆ ಕೊರತೆಯಿಲ್ಲ. ದುಡಿದದ್ದು ಮನೆ ಮುಟ್ಟುವ ಮೊದಲೇ ಸೋರಿಹೋಗುತ್ತದೆ.

ಸೋರಿಕೆ ಎಂಬ ಮಾತಿಗೆ ನಮ್ಮ ದೇಶದಲ್ಲಿ ಹಳೆಯ ಗೌರವವಿದೆ. 1870ರ ದಶಕದಲ್ಲಿ ದಾದಾಭಾಯಿ ನವರೋಜಿಯವರು ಭಾರತೀಯನೊಬ್ಬನ ಸರಾಸರಿ ವರಮಾನ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಕಟ್ಟಿದರು. ಸೆರೆಮನೆಯ ಕೈದಿಗೆ ಕೊಡುವ ಅನ್ನ-ಬಟ್ಟೆಯ ಖರ್ಚನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ತಪ್ಪು ಮಾಡಿ ಒಳಗಿದ್ದವನಿಗೆ ಸಿಗುವಷ್ಟು ಹೊರಗೆ ದುಡಿಯುವವನಿಗೆ ಸಿಗುತ್ತಿರಲಿಲ್ಲ. ದೇಶ ಬಡವಾಗಿರುವುದು ಜನ ದುಡಿಯದೆ ಅಲ್ಲ, ದುಡಿದದ್ದು ಸಮುದ್ರ ದಾಟಿ ಹೋಗುತ್ತಿರುವುದರಿಂದ ಎಂಬುದು ಅವರ ವಾದ. ಈಗ ಸಮುದ್ರ ದಾಟಬೇಕಾಗಿಲ್ಲ. ನಮ್ಮ ಹತ್ತಿರದ ಬಡವರ ಬಡಾವಣೆ ಖೋಡಾದ ಓಣಿಯಿಂದ ನೋಯ್ಡಾದ ಗಾಜಿನ ಕಟ್ಟಡದವರೆಗೆ ಒಂದು ರಸ್ತೆ ದಾಟಿದರೆ ಸಾಕು.

ಜಮಾದಾರನನ್ನು ಈಗ ಇಲ್ಲಿ ಠೇಕೇದಾರ ಎನ್ನುತ್ತಾರೆ. ಅವನು ಮುರಿದುಕೊಳ್ಳುವ ವಿಧಾನವೂ ಬದಲಾಗಿದೆ. ದೆಹಲಿಯೂ ಸುತ್ತಲ ಊರುಗಳೂ ಸೇರಿದ ಎನ್‌ಸಿಆರ್‌ನ ಕಟ್ಟಡ ಕೆಲಸದಲ್ಲಿ ‘ಖರ್ಚಿ’ ಎಂಬ ಒಂದು ಮಾತಿದೆ. ಊರಿಂದ ಬಂದ ಆಳಿಗೆ ದಿನದ ಕೂಲಿಯನ್ನು ಅಂದಂದೇ ಕೊಡುವುದಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅಕ್ಕಿ, ಎಣ್ಣೆ, ಮೊಬೈಲಿನ ರೀಚಾರ್ಜಿಗಾಗುವಷ್ಟು ಕೈಗೆ ಹಾಕುತ್ತಾರೆ, ಅದೇ ಖರ್ಚಿ. ಉಳಿದದ್ದು ‘ಹಿಸಾಬ್’ ಆಗುವುದು ಕೆಲಸ ಮುಗಿದ ಮೇಲೆ ಅಥವಾ ಊರಿಗೆ ಹೊರಡುವಾಗ. ಆಳು ತನ್ನ ಹಾಜರಿಯನ್ನು ಸಣ್ಣದೊಂದು ಡೈರಿಯಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಠೇಕೇದಾರನ ಡೈರಿ ಬೇರೆ ಇರುತ್ತದೆ. ಎರಡು ಡೈರಿ ತಾಳೆಯಾಗದಿದ್ದರೆ ಯಾರ ಡೈರಿ ಗೆಲ್ಲುತ್ತದೆಂದು ಹೇಳಬೇಕೇ? ಒಂದು ಕೆಲಸ ಬಿಟ್ಟು ಕೂಲಿ ಹೆಚ್ಚು ಸಿಗುವ ಇನ್ನೊಂದಕ್ಕೆ ಹೋಗೋಣವೆಂದರೆ ಬಾಕಿ ಹಣ ಹಿಂದೆಯೇ ಉಳಿಯುತ್ತದೆ. ನಮ್ಮ ಕಡೆ ಮುಂಗಡ ಕೊಟ್ಟು ಕಟ್ಟಿಹಾಕಿ ಜೀತ ಮಾಡಿಸುತ್ತಿದ್ದರು. ಇಲ್ಲಿ ಕೊಡಬೇಕಾದ್ದನ್ನು ಹಿಡಿದಿಟ್ಟುಕೊಂಡು ಕಟ್ಟಿಹಾಕುತ್ತಾರೆ.

ಇದರ ಬೆಲೆ ಏನೆಂದು ದೇಶ ಕಣ್ಣಾರೆ ಕಂಡದ್ದು 2020ರ ಮಾರ್ಚಿನಲ್ಲಿ. 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, 28ರ ಹೊತ್ತಿಗೆ ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಸಾವಿರ ಸಾವಿರ ಜನ. ತಲೆಯ ಮೇಲೆ ಗಂಟು, ಹೆಗಲ ಮೇಲೆ ಮಗು, ಬಸ್ಸಿಲ್ಲದಿದ್ದರೆ ನಡೆದೇ ಹೊರಟವರು. ಇವರಿಗೇನು ಅಷ್ಟು ಆತುರ, ನಾಲ್ಕು ದಿನ ತಡೆಯಬಾರದಿತ್ತೇ ಎಂದು ಬಾಲ್ಕನಿಗಳಲ್ಲಿ ನಿಂತವರು ಕೇಳಿದ್ದುಂಟು. ಅವರ ಕೈಯಲ್ಲಿದ್ದದ್ದು ನಾಲ್ಕು ದಿನದ ಖರ್ಚಿ, ತಿಂಗಳುಗಳ ಕೂಲಿ ಠೇಕೇದಾರನ ಬಳಿ. ‘ಸ್ಟ್ರಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್’ ಎಂಬ ಗುಂಪು ಆ ಏಪ್ರಿಲ್ ಮಧ್ಯದೊಳಗೆ ದೇಶದ ಉದ್ದಗಲದಲ್ಲಿ ಸಿಕ್ಕಿಕೊಂಡಿದ್ದ 11 ಸಾವಿರಕ್ಕೂ ಹೆಚ್ಚು ಕಾರ್ಮಿಕರೊಂದಿಗೆ ಮಾತಾಡಿತು. ಲಾಕ್‌ಡೌನಿನ ದಿನಗಳಿಗೆ ಮಾಲೀಕರಿಂದ ಏನೂ ಸಿಗಲಿಲ್ಲ ಎಂದವರು ನೂರಕ್ಕೆ 89 ಮಂದಿ.

ಸೋರಿಕೆಗೆ ಗಡಿಯೂ ಒಂದು ತೂತು. 2024ರ ಅಕ್ಟೋಬರಿನಲ್ಲಿ ದೆಹಲಿ ಸರ್ಕಾರ ಅಕುಶಲ ಕಾರ್ಮಿಕನ ಕನಿಷ್ಠ ವೇತನವನ್ನು ತಿಂಗಳಿಗೆ 18,066 ರೂಪಾಯಿ ಎಂದು ನಿಗದಿ ಮಾಡಿತು. ಆಗ ಗಡಿಯಾಚೆಯ ನೋಯ್ಡಾದಲ್ಲೂ ಗುರುಗ್ರಾಮದಲ್ಲೂ ಅದು 11 ಸಾವಿರದ ಆಸುಪಾಸಿನಲ್ಲಿತ್ತು. ಊರು ಒಂದೇ, ಮೆಟ್ರೊ ಒಂದೇ, ಸಂತೆಯಲ್ಲಿ ಆಲೂಗಡ್ಡೆಯ ದರವೂ ಒಂದೇ. ಕೂಲಿ ಮಾತ್ರ ರಾಜ್ಯದ ಹಲಗೆ ದಾಟಿದೊಡನೆ ಏಳು ಸಾವಿರ ಇಳಿಯುತ್ತಿತ್ತು. ಹಾಗೆಂದು ದೆಹಲಿಯೊಳಗೆ ಹದಿನೆಂಟು ಸಾವಿರ ಸಿಗುತ್ತಿತ್ತೆಂದೂ ಅಲ್ಲ. ಕಾಗದದಲ್ಲಿ ಸಹಿ ಒಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು. ಬ್ಯಾಂಕ್ ಖಾತೆಗೆ ಪೂರ್ತಿ ಹಾಕಿ, ಎಟಿಎಂ ಕಾರ್ಡನ್ನು ಮೇಲ್ವಿಚಾರಕ ತನ್ನಲ್ಲೇ ಇಟ್ಟುಕೊಳ್ಳುವ ಕಥೆಗಳನ್ನು ಕಾವಲುಗಾರರಿಂದ, ಸಫಾಯಿಯವರಿಂದ ಕೇಳಿದ್ದೇನೆ. ಕಾರ್ಡು ಬಂದಿದೆ, ಜಮಾದಾರ ಹೋಗಿಲ್ಲ.

ಈಗ ಒಂದು ಎದುರು ಪ್ರಶ್ನೆ ಬರಬಹುದು. ದೆಹಲಿಯಲ್ಲಿ ಅಂಥ ಬಡತನ ಎಲ್ಲಿದೆ? 2023–24ರಲ್ಲಿ ದೆಹಲಿಯ ತಲಾದಾಯ ಸುಮಾರು 4.6 ಲಕ್ಷ ರೂಪಾಯಿ, ದೇಶದ ಸರಾಸರಿಯ ಎರಡೂವರೆ ಪಟ್ಟು. ನೀತಿ ಆಯೋಗ 2023ರಲ್ಲಿ ಪ್ರಕಟಿಸಿದ ಬಹುಆಯಾಮದ ಬಡತನ ಸೂಚ್ಯಂಕದಂತೆ ದೆಹಲಿಯಲ್ಲಿ ಬಡವರು ಶೇ 3.43 ಮಾತ್ರ. ಕರ್ನಾಟಕದಲ್ಲಿ ಶೇ 7.58, ಬಿಹಾರದಲ್ಲಿ ಶೇ 33.76. ಈ ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ವಿದ್ಯುತ್ತು ಇದೆಯೇ, ಬ್ಯಾಂಕ್ ಖಾತೆ ಇದೆಯೇ, ಅಡುಗೆಗೆ ಗ್ಯಾಸ್ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂಬಂಥ ಹನ್ನೆರಡು ಸಂಗತಿಗಳನ್ನು ಅದು ಎಣಿಸುತ್ತದೆ. ಅವುಗಳಲ್ಲಿ ಬಹಳಷ್ಟು ದೆಹಲಿಯ ‘ಜುಗ್ಗಿ’ ಗುಡಿಸಲುಗಳಿಗೂ ತಲುಪಿರುವುದು ನಿಜ, ಸಂತೋಷಪಡಬೇಕಾದ ನಿಜ. ಆದರೆ ಒಂದು ಸಂಸಾರ ಇವತ್ತು ನಿಂತಿರುವ ನೆಲ ನಾಳೆ ಕುಸಿಯುತ್ತದೆಯೇ ಎಂಬುದನ್ನು ಆ ಸೂಚ್ಯಂಕ ಕೇಳುವುದಿಲ್ಲ.

ಮಂಡಾವಲಿ ನಮ್ಮ ಮನೆಯಿಂದ ದೂರವಲ್ಲ. 2018ರ ಜುಲೈ 24ರಂದು ಅಲ್ಲಿನ ಒಂದು ಕೋಣೆಯಿಂದ ಮೂವರು ಅಕ್ಕತಂಗಿಯರನ್ನು ಆಸ್ಪತ್ರೆಗೆ ಒಯ್ದರು. ಎಂಟು, ನಾಲ್ಕು, ಎರಡು ವರ್ಷದ ಮಕ್ಕಳು. ಮೂವರೂ ಆಗಲೇ ತೀರಿಕೊಂಡಿದ್ದರು. ಮರಣೋತ್ತರ ಪರೀಕ್ಷೆ ಎರಡು ಸಲ, ಎರಡು ಆಸ್ಪತ್ರೆಗಳಲ್ಲಿ ನಡೆಯಿತು. ಹೊಟ್ಟೆ ಖಾಲಿ, ಮೈಯಲ್ಲಿ ಕೊಬ್ಬಿನ ಅಂಶವೇ ಇರಲಿಲ್ಲ. ಭೇದಿಯಾಗಿತ್ತು, ಅಪ್ಪ ಯಾವುದೋ ಔಷಧ ಕುಡಿಸಿದ್ದ ಎಂಬ ಮಾತು ಆಮೇಲಿನ ಮ್ಯಾಜಿಸ್ಟ್ರೇಟ್ ವಿಚಾರಣೆಯಲ್ಲಿ ಬಂತು. ಅದರ ಸುತ್ತ ರಾಜಕೀಯದ ಜಗಳವೂ ಆಯಿತು. ನಾನು ಆ ಜಗಳವನ್ನು ಬದಿಗಿಟ್ಟು, ಆ ಕುಟುಂಬ ಆ ಕೋಣೆಗೆ ಬಂದು ಸೇರಿದ ದಾರಿಯನ್ನು ಮಾತ್ರ ನೋಡುತ್ತೇನೆ.

ಅಪ್ಪ ಪಶ್ಚಿಮ ಬಂಗಾಳದಿಂದ ಬಂದವನು, ಸೈಕಲ್ ರಿಕ್ಷಾ ತುಳಿಯುತ್ತಿದ್ದ. ರಿಕ್ಷಾ ಸ್ವಂತದ್ದಲ್ಲ, ಬಾಡಿಗೆಯದು. ಅದು ಕಳವಾಯಿತು. ರಿಕ್ಷಾ ಹೋದರೆ ಆ ದಿನದ ಗಳಿಕೆ ಮಾತ್ರ ಹೋಗುವುದಿಲ್ಲ, ರಿಕ್ಷಾದ ಬೆಲೆಯೂ ತುಳಿಯುವವನ ತಲೆಯ ಮೇಲೆ ಬರುತ್ತದೆ. ಕೋಣೆಯ ಬಾಡಿಗೆ ನಿಂತಿತು. ಕೋಣೆ ಹೋಯಿತು. ಪರಿಚಯದವನೊಬ್ಬನ ಮನೆಯಲ್ಲಿ ಆಶ್ರಯ ಹುಡುಕಿ ಕೆಲವೇ ದಿನಗಳ ಹಿಂದೆ ಮಂಡಾವಲಿಗೆ ಬಂದಿದ್ದರು. ಅಪ್ಪ ಕೆಲಸ ಅರಸಿ ಹೊರಗೆ ಹೋದ. ಅವರ ಬಳಿ ಪಡಿತರ ಚೀಟಿ ಇರಲಿಲ್ಲ. ಒಂದೊಂದೇ ಮೆಟ್ಟಿಲು. ಯಾವ ಮೆಟ್ಟಿಲಲ್ಲೂ ಕಾಲಿಗೆ ಸಿಕ್ಕುವಂಥ ನೆಲ ಇರಲಿಲ್ಲ. ಬಾಡಿಗೆ ರಿಕ್ಷಾಕ್ಕೆ ವಿಮೆ ಇದ್ದಿದ್ದರೆ, ಮೊದಲ ಕೋಣೆಯಲ್ಲಿ ಒಂದು ತಿಂಗಳು ಇರಗೊಟ್ಟಿದ್ದರೆ, ಅವರ ಹೆಸರಿನಲ್ಲಿ ತಿಂಗಳಿಗೆ ಇಪ್ಪತ್ತೈದು ಕೆ.ಜಿ. ಗೋಧಿ-ಅಕ್ಕಿ ಇದ್ದಿದ್ದರೆ, ಯಾವುದೊಂದು ಇದ್ದಿದ್ದರೂ ಆ ಮಕ್ಕಳು ಉಳಿಯುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ. ಹಿರಿಯವಳು ಶಾಲೆಗೆ ಹೋಗುತ್ತಿದ್ದ ಹುಡುಗಿ. ಇವತ್ತು ಬದುಕಿದ್ದರೆ ಹತ್ತನೆಯ ತರಗತಿಯ ಪುಸ್ತಕ ಮುಚ್ಚಿರುತ್ತಿದ್ದಳು.

ಪಡಿತರ ಚೀಟಿ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಆ ಕುಟುಂಬದ ಅಜ್ಞಾನದಲ್ಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಡಿ ದೆಹಲಿಯ ಪಾಲಿಗೆ ಗೊತ್ತಾಗಿರುವ ಫಲಾನುಭವಿಗಳ ಸಂಖ್ಯೆ 72.78 ಲಕ್ಷ. ಅದು 2011ರ ಜನಗಣತಿಯ ಮೇಲೆ ನಿಂತ ಸಂಖ್ಯೆ. ಆಮೇಲೆ ಊರು ಬೆಳೆಯಿತು, ಸಂಖ್ಯೆ ಬೆಳೆಯಲಿಲ್ಲ. ಪಟ್ಟಿ ತುಂಬಿದೆ, ಯಾರಾದರೂ ಹೊರಬಿದ್ದರೆ ನಿಮ್ಮ ಹೆಸರು ಎಂಬ ಉತ್ತರ ವರ್ಷಗಟ್ಟಲೆ ಕೇಳಿಬಂತು. 2021ರಲ್ಲಿ ನಡೆಯಬೇಕಿದ್ದ ಜನಗಣತಿಯ ಕೆಲಸ 2027ಕ್ಕೆ ಹೋಗಿದೆ. ವಿದ್ವಾಂಸರಿಗೆ ಅಂಕಿಸಂಖ್ಯೆ ಸಿಗುವುದು ತಡವಾಯಿತು ಎಂದು ಓದುತ್ತೇವೆ. ಎಣಿಕೆಯಾಗದವನಿಗೆ ಅದು ಅಕ್ಕಿಯ ಮಾತು.

ಇನ್ನೊಂದು ವಿಚಿತ್ರವಿತ್ತು. ದೆಹಲಿಯಲ್ಲಿ 2024ರಲ್ಲೂ ಪಡಿತರಕ್ಕೆ ಕುಟುಂಬದ ವರಮಾನದ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿಯೇ ಇತ್ತು. ಅದೇ ವರ್ಷದ ಕನಿಷ್ಠ ವೇತನವನ್ನು ಹನ್ನೆರಡರಿಂದ ಗುಣಿಸಿ ನೋಡಿ, 2 ಲಕ್ಷ 16 ಸಾವಿರ ದಾಟುತ್ತದೆ. ಕಾನೂನು ಹೇಳಿದಷ್ಟು ಕೂಲಿ ಪಡೆದವನು ಪಡಿತರಕ್ಕೆ ಅನರ್ಹನಾಗಿದ್ದ. ಪಡಿತರ ಬೇಕಾದರೆ ಅವನು ಕಾನೂನು ಮುರಿದ ಕೂಲಿಗೇ ದುಡಿಯುತ್ತಿರಬೇಕಿತ್ತು. ಒಂದು ಇಲಾಖೆಯ ಕಾಗದವೇ ಇನ್ನೊಂದು ಇಲಾಖೆಯ ಕಾಗದ ಪಾಲನೆಯಾಗುತ್ತಿಲ್ಲವೆಂದು ಒಪ್ಪಿಕೊಂಡಂತಾಯಿತು. ಒಂದು ದೇಶ, ಒಂದು ಪಡಿತರ ಚೀಟಿ ಯೋಜನೆಯನ್ನು 2021ರ ಜುಲೈ ಅಂತ್ಯದೊಳಗೆ ಎಲ್ಲ ರಾಜ್ಯಗಳೂ ಜಾರಿಮಾಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ದೆಹಲಿಯೂ ಸೇರಿತು. ಬದಾಯೂಂ ಕಡೆಯ ಚೀಟಿ ತೋರಿಸಿ ದೆಹಲಿಯಲ್ಲಿ ಗೋಧಿ ಪಡೆಯಬಹುದು ಎಂಬುದು ದೊಡ್ಡ ಹೆಜ್ಜೆ. ಊರಿನಲ್ಲೂ ಚೀಟಿ ಇಲ್ಲದವರಿಗೆ ಅದು ಏನೂ ಮಾಡದು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಖೋಡಾದವಳು. ನೋಯ್ಡಾ, ದೆಹಲಿ, ಗಾಜಿಯಾಬಾದ್ ಮೂರೂ ಕೂಡುವಲ್ಲಿ, ಯಾರ ನಕ್ಷೆಯಲ್ಲೂ ಸರಿಯಾಗಿ ಕೂರದ, ಲಕ್ಷಾಂತರ ಜನ ತುಂಬಿರುವ ಬಡಾವಣೆ ಅದು. ಅಲ್ಲಿ ಕುಡಿಯುವ ನೀರನ್ನು ಕೊಳ್ಳುತ್ತಾರೆ. “ದೀದಿ, ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಬಿಟ್ಟಿ ಬರುತ್ತದೆ, ನಾವು ಕ್ಯಾನಿಗೆ ದುಡ್ಡು ಕೊಡುತ್ತೇವೆ” ಎಂದು ಅವಳು ಒಮ್ಮೆ ಹೇಳಿದಳು. ದೂರುವ ಧ್ವನಿಯಲ್ಲೇನೂ ಅಲ್ಲ. ನೀರಿಗೆ, ಸಾಲದ ಬಡ್ಡಿಗೆ, ಸಬ್‌ಮೀಟರಿನ ವಿದ್ಯುತ್ತಿಗೆ, ಚಿಲ್ಲರೆಯಾಗಿ ಕೊಳ್ಳುವ ಎಣ್ಣೆಗೆ ಅವಳು ಕೊಡುವ ದರ ನಾನು ಕೊಡುವುದಕ್ಕಿಂತ ಹೆಚ್ಚು. ಬಡವರ ಬದುಕು ಅಗ್ಗವೆಂದು ತಿಳಿದವರು ಒಂದು ತಿಂಗಳು ಅವರ ಲೆಕ್ಕ ಬರೆದು ನೋಡಬೇಕು.

ದೆಹಲಿ ತನ್ನ ಬಡವರನ್ನು ಪದೇ ಪದೇ ಎತ್ತಿ ದೂರ ಇಟ್ಟಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲಿನಲ್ಲಿ ತುರ್ಕ್‌ಮನ್ ಗೇಟಿನ ಮನೆಗಳು ಉರುಳಿದ್ದು ಎಲ್ಲರಿಗೂ ಗೊತ್ತು. ಮಂಗೋಲ್‌ಪುರಿ, ಸುಲ್ತಾನ್‌ಪುರಿ, ಜಹಾಂಗೀರ್‌ಪುರಿ, ತ್ರಿಲೋಕ್‌ಪುರಿ ಹೀಗೆ ‘ಪುರಿ’ ಎಂದು ಮುಗಿಯುವ ಹಲವು ಬಡಾವಣೆಗಳು ಆ ಕಾಲದ ಎತ್ತಂಗಡಿಯ ಗುರುತುಗಳು. 2004ರಲ್ಲಿ ಯಮುನೆಯ ದಂಡೆಯ ‘ಪುಷ್ತಾ’ದ ಜುಗ್ಗಿಗಳನ್ನು ತೆಗೆದು ಹಲವರನ್ನು ಬವಾನಾಕ್ಕೆ, ಹೊಲಂಬಿ ಕಲಾಂಗೆ ಸಾಗಿಸಿದರು. 2006ರಿಂದ ಸಾವದಾ ಘೇವರಾಕ್ಕೆ. 18 ಚದರ ಮೀಟರ್ ಅಥವಾ 12.5 ಚದರ ಮೀಟರಿನ ನಿವೇಶನ, ಅದೂ ಗೊತ್ತಾದ ತಾರೀಕಿಗೆ ಮುಂಚೆ ಬಂದ ಪುರಾವೆ ಇದ್ದವರಿಗೆ. 12.5 ಚದರ ಮೀಟರ್ ಎಂದರೆ ನಮ್ಮ ಒಂದು ಮಲಗುವ ಕೋಣೆ. ಆದರೆ ಅಳತೆಗಿಂತ ದೂರ ದೊಡ್ಡ ಏಟು ಕೊಟ್ಟಿತು. ನಡೆದುಹೋಗುವಷ್ಟು ಹತ್ತಿರದಲ್ಲಿ ನಾಲ್ಕು ಮನೆಗೆಲಸ ಮಾಡುತ್ತಿದ್ದ ಹೆಂಗಸಿಗೆ ಮೂವತ್ತು ಕಿಲೋಮೀಟರಿನ ಬಸ್ ಪ್ರಯಾಣ ಬಂತು. ಬಸ್ಸಿನ ಖರ್ಚು, ಎರಡು ಗಂಟೆ ಹೋಗಲು, ಎರಡು ಗಂಟೆ ಬರಲು. ಕೆಲಸ ಬಿಟ್ಟವರಲ್ಲಿ ಹೆಂಗಸರೇ ಹೆಚ್ಚು. ಮನೆ ಕೊಟ್ಟು ಕೂಲಿ ಕಿತ್ತುಕೊಂಡ ಹಾಗಾಯಿತು. ದೂರದ ಅಂಚುಗಳಲ್ಲಿ ಸರ್ಕಾರ ಕಟ್ಟಿದ ಸಾವಿರಾರು ಫ್ಲ್ಯಾಟುಗಳು ವರ್ಷಗಳವರೆಗೆ ಬೀಗ ಹಾಕಿಕೊಂಡೇ ನಿಂತದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಎತ್ತಂಗಡಿಯ ನೋವು ಕನ್ನಡಿಗರಿಗೆ ಹೊಸದಲ್ಲ. ಗೋವೆಯ ಬೈನಾ ಕಡಲ ತೀರದಲ್ಲಿ ಉತ್ತರ ಕರ್ನಾಟಕದಿಂದ ಹೋಗಿ ನೆಲೆಸಿದ್ದವರ ಮನೆಗಳು 2004ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ನೆಲಸಮವಾದಾಗ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅಲ್ಲಿ ನಮ್ಮವರು ಹೊರಗಿನವರು. ಇಲ್ಲಿ ಬಿಹಾರಿ ಹೊರಗಿನವನು. ಬೆಂಗಳೂರಿನಲ್ಲಿ ಯಾದಗಿರಿಯಿಂದ ಗುಳೆ ಬಂದವರೂ ಗುಡಾರದಲ್ಲೇ ಇರುತ್ತಾರಲ್ಲ, ಅವರನ್ನು ಏನೆಂದು ಕರೆಯುವುದು?

ಗುಳೆ ಎಂಬ ಮಾತಿನ ಹಿಂದಿರುವ ಊರನ್ನೂ ನೋಡಬೇಕು. ದೆಹಲಿಯ ಬಡತನ ದೆಹಲಿಯಲ್ಲಿ ಹುಟ್ಟಿದ್ದಲ್ಲ. 2015–16ರ ಕೃಷಿ ಗಣತಿಯಂತೆ ಬಿಹಾರದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 0.39 ಹೆಕ್ಟೇರ್, ಒಂದು ಎಕರೆಗೂ ಕಡಿಮೆ. ಉತ್ತರಪ್ರದೇಶದಲ್ಲಿ 0.73. ಆ ತುಂಡು ನೆಲ ಅಣ್ಣತಮ್ಮಂದಿರಿಗೆ ಹಂಚಿಕೆಯಾದ ಮೇಲೆ ಒಬ್ಬನಾದರೂ ರೈಲು ಹತ್ತಲೇಬೇಕು. ಇದರ ಹಿಂದೆ 1793ರ ಕಾಯಂ ಜಮೀನ್ದಾರಿಯ ನೆರಳಿದೆ. ಸ್ವಾತಂತ್ರ್ಯ ಬಂದ ಮೇಲಿನ ಒಂದು ನೀತಿಯೂ ಇದೆ, ಅದರ ಬಗ್ಗೆ ನಾವು ಹೆಚ್ಚು ಮಾತಾಡುವುದಿಲ್ಲ. 1952ರಲ್ಲಿ ಕೇಂದ್ರ ಸರ್ಕಾರ ಸರಕು ಸಾಗಣೆ ದರವನ್ನು ಸಮಗೊಳಿಸಿತು. ಉಕ್ಕು ದೇಶದ ಯಾವ ಮೂಲೆಯಲ್ಲೂ ಒಂದೇ ಬೆಲೆಗೆ ಸಿಗುವಂತಾಯಿತು. ಗಣಿಯ ಪಕ್ಕದಲ್ಲೇ ಕಾರ್ಖಾನೆ ಕಟ್ಟಿದರೆ ಸಿಗುತ್ತಿದ್ದ ಲಾಭ ಇಲ್ಲವಾಯಿತು. ಅವಿಭಜಿತ ಬಿಹಾರದ ಅದಿರು, ಕಲ್ಲಿದ್ದಲು ದೂರದ ಕೈಗಾರಿಕೆಗಳಿಗೆ ಹೋದವು, ಬಿಹಾರದಲ್ಲಿ ಹುಟ್ಟಬೇಕಿದ್ದ ಕೆಲಸಗಳೂ ಅವುಗಳ ಜೊತೆಗೇ ಹೋದವು. ನಾಲ್ಕು ದಶಕ ಈ ನೀತಿ ನಡೆಯಿತು. ಕೆಲಸ ಎಲ್ಲಿಗೆ ಹೋಯಿತೋ ಅಲ್ಲಿಗೇ ಜನ ಹೋದರು. ಕರ್ನಾಟಕದಲ್ಲೂ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ರಾಯಚೂರಿನಿಂದ ರಾತ್ರಿ ಬಸ್ಸುಗಳು ತುಂಬಿ ಹೋಗುವುದು ಅಲ್ಲಿನ ಜನಕ್ಕೆ ಊರು ಬೇಡವಾಗಿ ಅಲ್ಲ.

ರೈಲು ಇಳಿದವರಲ್ಲಿ ಯಾರಿಗೆ ಯಾವ ಕೆಲಸ ಎಂಬುದನ್ನು ಜಾತಿ ಎಷ್ಟು ಗಟ್ಟಿಯಾಗಿ ನಿರ್ಧರಿಸುತ್ತದೆ ಎಂದು ಹೇಳದೆ ಈ ಮಾತು ಪೂರ್ತಿಯಾಗದು. 2018ರ ಸೆಪ್ಟೆಂಬರ್ 9ರಂದು ಮೋತಿ ನಗರದ ವಸತಿ ಸಮುಚ್ಚಯವೊಂದರ ಕೊಳಚೆ ಸಂಸ್ಕರಣಾ ಗುಂಡಿಗೆ ಇಳಿದ ಐವರು ಉಸಿರುಗಟ್ಟಿ ಸತ್ತರು. ಅವರನ್ನು ಇಳಿಸಿದ್ದೂ ಗುತ್ತಿಗೆಯ ಸರಪಳಿಯೇ. ಮಲಗುಂಡಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧ ಮಾಡಿ ಐದು ವರ್ಷವಾಗಿತ್ತು. ಇದರ ವಿರುದ್ಧ ದೆಹಲಿಯಿಂದ ದೇಶವ್ಯಾಪಿ ಹೋರಾಟ ನಡೆಸುತ್ತಿರುವವರು ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಅವರ ಸಫಾಯಿ ಕರ್ಮಚಾರಿ ಆಂದೋಲನ ಊರೂರು ಅಲೆದು ಸತ್ತವರ ಹೆಸರುಗಳನ್ನು ಕಲೆಹಾಕಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸತ್ತ ಮೇಲೆ 30 ಲಕ್ಷ ಕೊಡಲು ಒಪ್ಪುವ ವ್ಯವಸ್ಥೆ ಯಂತ್ರ ಕೊಳ್ಳಲು ಏಕೆ ಹಿಂದೆಗೆಯುತ್ತದೆ ಎಂಬುದಕ್ಕೆ ಉತ್ತರ ಹಣದ ಲೆಕ್ಕದಲ್ಲಿ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರದಲ್ಲಿ ಮೊದಲ ಜಾಗ ಕೂಲಿಗೆ. ಕೂಲಿ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ, ದುಡಿದವನ ಕೈಗೇ ಬಂದರೆ ಮಿಕ್ಕ ಯೋಜನೆಗಳ ಭಾರ ಅರ್ಧ ಇಳಿಯುತ್ತದೆ. ಇದು ಆಗದ ಕೆಲಸವೇನೂ ಅಲ್ಲ. 1982ರಲ್ಲೇ ಸುಪ್ರೀಂ ಕೋರ್ಟ್ ಏಷ್ಯಾಡ್ ಕೆಲಸದ ಜಾಗಗಳಿಗೆ ಹೋಗಿ ನೋಡಿ ವರದಿ ಕೊಡಲೆಂದು ಮೂವರನ್ನು ನೇಮಿಸಿತ್ತು. ಕೂಲಿಯನ್ನು ಜಮಾದಾರನ ಮೂಲಕವಲ್ಲದೆ ನೇರವಾಗಿ ಕೊಡಬೇಕೆಂಬ ತಾಕೀತೂ ಹೊರಟಿತ್ತು. ಕೆಲಸದ ಜಾಗಕ್ಕೆ ಕಾಲಿಟ್ಟು ಹಾಜರಿ ಡೈರಿ ನೋಡುವ ಮನುಷ್ಯ ಬೇಕು. 2025ರ ನವೆಂಬರಿನಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಇನ್‌ಸ್ಪೆಕ್ಟರನ ಹೆಸರಿಗೆ ‘ಅನುಕೂಲಕಾರ’ ಎಂಬ ಬಾಲವೂ ಸೇರಿದೆ. ಹೆಸರು ಏನಾದರೂ ಇರಲಿ, ಬಾಕಿ ಕೂಲಿಗೆ ಮೂಲ ಮಾಲೀಕನೇ ಹೊಣೆ ಎಂಬ ನಿಯಮವನ್ನು ಒಂದೇ ಒಂದು ದೊಡ್ಡ ಕಟ್ಟಡದ ಮೇಲೆ ಗಟ್ಟಿಯಾಗಿ ಪ್ರಯೋಗಿಸಲಿ, ಇಡೀ ಎನ್‌ಸಿಆರ್‌ನ ಠೇಕೇದಾರರಿಗೆ ವಿಷಯ ತಲುಪುತ್ತದೆ.

ಹಣವಿಲ್ಲ ಎಂಬ ಮಾತನ್ನಂತೂ ನಂಬಬಾರದು. 1996ರ ಕಾಯ್ದೆ ಬಂದಾಗಿನಿಂದ ಪ್ರತಿ ದೊಡ್ಡ ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಸೇರುತ್ತ ಬಂದಿದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಕೇಳಿದಾಗ ದೇಶದಲ್ಲಿ ಒಟ್ಟುಗೂಡಿದ್ದದ್ದು 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ. ಕಾರ್ಮಿಕರ ದುಡ್ಡು ಕಾರ್ಮಿಕರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಬಿದ್ದಿತ್ತು. ಚಳಿಗಾಲದಲ್ಲಿ ದೆಹಲಿಯ ಗಾಳಿ ಕೆಟ್ಟು ಕಟ್ಟಡ ಕೆಲಸ ನಿಲ್ಲಿಸಿದಾಗ ಈ ಹಣದಿಂದಲೇ ಭತ್ಯೆ ಕೊಡಬೇಕು. 2024ರ ಡಿಸೆಂಬರಿನಲ್ಲಿ ದೆಹಲಿ ಸರ್ಕಾರ ಕೊಟ್ಟ ಲೆಕ್ಕದಲ್ಲಿದ್ದದ್ದು 90,693 ಕಾರ್ಮಿಕರು. ಮೊದಲು 2,000, ಕೋರ್ಟ್ ಗದರಿದ ಮೇಲೆ ಉಳಿದ 6,000. ಇಷ್ಟು ದೊಡ್ಡ ಊರನ್ನು ಕಟ್ಟುತ್ತಿರುವವರು ತೊಂಬತ್ತು ಸಾವಿರವೇ? ನೋಂದಣಿಗೆ ತೊಂಬತ್ತು ದಿನ ದುಡಿದ ಪ್ರಮಾಣಪತ್ರ ಬೇಕು, ಅದನ್ನು ಕೊಡಬೇಕಾದವನು ಅದೇ ಠೇಕೇದಾರ. ಆಳುಗಳು ಕೆಲಸಕ್ಕೆ ಕಾದು ನಿಲ್ಲುವ ಲೇಬರ್ ಚೌಕಿನಲ್ಲೇ ಬೆಳಿಗ್ಗೆ ಏಳಕ್ಕೆ ಮೇಜು ಹಾಕಿ ಹೆಸರು ಬರೆದುಕೊಂಡರೆ ಆಗುವ ಕೆಲಸ ಇದು.

ಇರುವಲ್ಲಿಯೇ ಮನೆ ಕೊಡುವುದೂ ಸಾಧ್ಯವಿದೆ. 2022ರ ನವೆಂಬರಿನಲ್ಲಿ ಕಾಲ್ಕಾಜಿಯಲ್ಲಿ, ಭೂಮಿಹೀನ್ ಕ್ಯಾಂಪಿನವರಿಗಾಗಿ ಹತ್ತಿರದಲ್ಲೇ ಕಟ್ಟಿದ 3,024 ಫ್ಲ್ಯಾಟುಗಳ ಕೀಲಿ ಕೊಡುವ ಕೆಲಸ ಆರಂಭವಾಯಿತು. ತಾರೀಕಿನ ಪುರಾವೆಯಿಲ್ಲದೆ ಹೊರಗುಳಿದವರ ಗೋಳು ಅಲ್ಲಿಯೂ ಇದೆ. ಆದರೂ ಸಾವದಾ ಘೇವರಾಕ್ಕಿಂತ ಇದು ಸರಿಯಾದ ದಾರಿ. 2019ರಲ್ಲಿ ಶಕೂರ್ ಬಸ್ತಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಜುಗ್ಗಿಯವರನ್ನು ಅತಿಕ್ರಮಣಕಾರರೆಂದು ಕಾಣದೆ ನಗರದ ಮೇಲೆ ಹಕ್ಕಿರುವವರೆಂದು ಕಾಣಬೇಕು ಎಂದು ಹೇಳಿದ್ದನ್ನು ಬುಲ್ಡೋಜರ್ ಕಳಿಸುವ ಪ್ರತಿ ಕಚೇರಿಯ ಗೋಡೆಗೂ ಅಂಟಿಸಬೇಕು.

ಕೈಗೆ ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ ಎಂಬ ಅನುಮಾನಕ್ಕೆ ದೆಹಲಿಯಲ್ಲೇ ಉತ್ತರ ಸಿಕ್ಕಿದೆ. 2011ರಲ್ಲಿ ‘ಸೇವಾ’ ಸಂಸ್ಥೆ ಪಶ್ಚಿಮ ದೆಹಲಿಯ ರಘುವೀರ್ ನಗರದಲ್ಲಿ ನೂರು ಬಡ ಕುಟುಂಬಗಳಿಗೆ ಪಡಿತರದ ಬದಲು ತಿಂಗಳಿಗೆ 1,000 ರೂಪಾಯಿ ಕೊಟ್ಟು ಒಂದು ವರ್ಷ ನೋಡಿತು. ಹೆಂಡಕ್ಕೆ ಹೋಗಲಿಲ್ಲ, ಬೇಳೆ-ಮೊಟ್ಟೆಯಂಥ ಊಟಕ್ಕೆ ಹೋಯಿತು. ಹಾಗೆಂದು ಪಡಿತರವನ್ನು ತೆಗೆದು ಹಣ ಕೊಡಿ ಎನ್ನುವವರ ಪಕ್ಷ ನನ್ನದಲ್ಲ. ಬೆಲೆ ಏರಿದಾಗ ಸಾವಿರ ರೂಪಾಯಿ ಕುಗ್ಗುತ್ತದೆ, ಐದು ಕೆ.ಜಿ. ಅಕ್ಕಿ ಐದು ಕೆ.ಜಿ.ಯಾಗಿಯೇ ಇರುತ್ತದೆ. ಅನ್ನಭಾಗ್ಯ ಕಂಡ ನಮಗೆ ಇದನ್ನು ಹೇಳಿಕೊಡಬೇಕಿಲ್ಲ. ನಗರದಲ್ಲಿ ಕೆಲಸದ ಖಾತರಿ ಕೊಡಲು ಕೇರಳ 2010ರಲ್ಲಿ, ರಾಜಸ್ಥಾನ 2022ರಲ್ಲಿ ಯತ್ನಿಸಿವೆ. ಎನ್‌ಸಿಆರ್‌ನಲ್ಲಿ ಅಂಥದ್ದೊಂದು ಇದ್ದಿದ್ದರೆ ರಿಕ್ಷಾ ಕಳೆದುಕೊಂಡವನಿಗೆ ಮಾರನೆಯ ಬೆಳಿಗ್ಗೆ ಹೋಗಲು ಒಂದು ಜಾಗ ಇರುತ್ತಿತ್ತು.

ಕೇರಳದ ಇನ್ನೊಂದು ಕೆಲಸ ನನಗೆ ಹೆಚ್ಚು ಇಷ್ಟ. ಅಲ್ಲಿ ಕಡುಬಡತನದ 64,006 ಕುಟುಂಬಗಳನ್ನು ಹೆಸರು ಹಿಡಿದು ಗುರುತಿಸಿ, ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆದರು. ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಸೂರು, ಮತ್ತೊಬ್ಬರಿಗೆ ಆಧಾರ್ ಕಾರ್ಡು. 2025ರ ನವೆಂಬರ್ 1ರಂದು ಕಡುಬಡತನ ನೀಗಿತೆಂದು ಸರ್ಕಾರ ಘೋಷಿಸಿದಾಗ ಲೆಕ್ಕದ ಬಗ್ಗೆ ತಕರಾರೂ ಎದ್ದಿತು. ಇರಲಿ. ಪ್ರತಿ ಮನೆಯ ಮೆಟ್ಟಿಲು ಎಲ್ಲಿ ಮುರಿದಿದೆ ಎಂದು ಹೋಗಿ ನೋಡುವ ಆ ಕ್ರಮ ಮಂಡಾವಲಿಗೆ ಬೇಕಿತ್ತು.

ಏಷ್ಯಾಡ್‌ಗೆ ಕಟ್ಟಿದ ನೆಹರೂ ಕ್ರೀಡಾಂಗಣವನ್ನು 2010ರ ಕಾಮನ್‌ವೆಲ್ತ್ ಕೂಟಕ್ಕೆ ನವೀಕರಿಸಿದರು. ಆಗಲೂ, 1982ರಲ್ಲಿ ಭಗವತಿಯವರಿಗೆ ಪತ್ರ ಬರೆದಿದ್ದ ಅದೇ ಸಂಘಟನೆ ಅದೇ ದೂರು ಹಿಡಿದು ಕೋರ್ಟಿಗೆ ಹೋಯಿತು. ಹೈಕೋರ್ಟ್ ನೇಮಿಸಿದ ಸಮಿತಿ ಕೂಟದ ಕೆಲಸದ ಜಾಗಗಳಲ್ಲಿ ಕನಿಷ್ಠ ವೇತನ ಕೊಡದಿರುವುದನ್ನು ಕಂಡಿತು. 2025ರ ನವೆಂಬರಿನಲ್ಲಿ, ಆ ಕ್ರೀಡಾಂಗಣವನ್ನು ಕೆಡವಿ ದೊಡ್ಡದೊಂದು ಕ್ರೀಡಾನಗರಿ ಕಟ್ಟುತ್ತಾರೆಂಬ ಸುದ್ದಿ ಬಂತು. ಮೂರನೆಯ ಸಲ ಅಲ್ಲಿಗೆ ಕಲ್ಲು ಹೊರಲು ಜನ ಬರಬೇಕಾಗುತ್ತದೆ.

ಹೋದ ಚಳಿಗಾಲ ನಮ್ಮ ಮನೆಯ ಗೋಡೆಯ ಗಾರೆ ಉದುರಿತ್ತು, ಒಬ್ಬ ಆಳು ಬೇಕೆಂದು ಲೇಬರ್ ಚೌಕಿಗೆ ಹೋಗಿದ್ದೆ. ಮಂಜಿನಲ್ಲಿ ಟೈರಿನ ತುಂಡು ಸುಟ್ಟು ಕೈ ಕಾಯಿಸುತ್ತ ನಿಂತಿದ್ದವರಲ್ಲಿ ಒಬ್ಬ ಬೇಲ್ದಾರ ಮುಂದೆ ಬಂದ. ಬುಂದೇಲ್‌ಖಂಡದವನು, ನನ್ನ ತಮ್ಮನ ವಯಸ್ಸಿರಬಹುದು. ದಿನಕ್ಕೆಷ್ಟು ಎಂದು ನಾನು ಕೇಳುವ ಮೊದಲೇ ಅವನು ಕೇಳಿದ: “ದೀದಿ, ಸಂಜೆ ಕೈಗೇ ಕೊಡುತ್ತೀರಾ, ಇಲ್ಲಾ ಯಾರಾದರೂ ಮಧ್ಯದಲ್ಲಿದ್ದಾರಾ?”

ಯಾರೂ ಇಲ್ಲ ಎಂದೆ. ಅವನು ಗಾರೆಯ ತಸಲೆ ಎತ್ತಿಕೊಂಡ. ದರದ ಮಾತು ನಡೆಯುತ್ತ ನಡೆಯುತ್ತ ಆಯಿತು.